ಗಿರಣಿ ಕಾಕಾ ಬೀಸಿದ ಎರಡು ಚೀಲ

ಗಿರಣಿ ಕಾಕಾರ ತಲೆಗೂದಲು ಕಪ್ಪೆಂಬುದು ಭಾನುವಾರ ಮಾತ್ರ ಗೊತ್ತಾಗುತ್ತಿತ್ತು. ಉಳಿದ ಆರು ದಿನ ಜೋಳದ ಹಿಟ್ಟು ಅವರ ತಲೆ, ಹುಬ್ಬು, ಕಿವಿಯ ಮೇಲಿನ ಕೂದಲು, ಕುತ್ತಿಗೆಯ ಮಡಿಕೆ ಎಲ್ಲವನ್ನೂ ಬೆಳ್ಳಗೆ ಮಾಡಿಟ್ಟಿರುತ್ತಿತ್ತು. ಭಾನುವಾರ ಗಿರಣಿಗೆ ಬೀಗ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಜೊತೆ ಪ್ರಾರ್ಥನೆಗೆ ಹೊರಟಾಗ ನೋಡಿದರೆ ಇನ್ನೂ ಐವತ್ತು ದಾಟದ ಗಂಡಸು. ಮದುವೆಯಾಗಿ ಇಂಡಿಗೆ ಬಂದ ಮೊದಲ ವಾರ, ಭಾನುವಾರ ಕಂಡ ಅವರನ್ನು ನಾನು ಗಿರಣಿಯ ಮುದುಕಪ್ಪನ ಮಗನೆಂದೇ ತಿಳಿದಿದ್ದೆ. ಅತ್ತೆ ಈ ಮಾತನ್ನು ಅವರಿಗೇ ಹೇಳಿಬಿಟ್ಟರು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ, "ತಂಗಿ, ಇವತ್ತ ಅಪ್ಪ ಇದ್ದಾನ, ಮಗ ಐತವಾರ ಬರ್ತಾನ" ಎಂದು ನಗುತ್ತಿದ್ದರು.

ನಮ್ಮದು ಖಾನಾವಳಿ. ಮಾವ ತೀರಿಕೊಂಡ ಮೇಲೆ ಅತ್ತೆಯೇ ನಡೆಸಿಕೊಂಡು ಬಂದಿದ್ದರು. ನನ್ನ ಗಂಡ ಬಸ್ ಕಂಡಕ್ಟರ್. ಸಿಂದಗಿ, ಮುದ್ದೇಬಿಹಾಳ ಎಂದು ವಾರದ ಹೆಚ್ಚು ದಿನ ಊರಾಚೆಯೇ. ಹೀಗಾಗಿ ಮಧ್ಯಾಹ್ನ ಕೋರ್ಟಿಗೆ, ಕಚೇರಿಗೆ ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕುವುದು ನಾವಿಬ್ಬರೇ. ನಮ್ಮಿಂದ ನಾಲ್ಕು ಮನೆ ಆಚೆ ಕಾಕಾರ ಗಿರಣಿ. ದಿನಕ್ಕೊಮ್ಮೆಯಾದರೂ ಜೋಳದ ಡಬ್ಬ ಹೊತ್ತು ಅಲ್ಲಿಗೆ ಹೋಗುವುದು ನನ್ನ ಪಾಲಿನ ಕೆಲಸ.

ಅವರು ಗದಗಿನ ಕಡೆಯವರು. ಮಿಶನ್ ಶಾಲೆಯಲ್ಲಿ ಎಂಜಿನ್ ಕೆಲಸ ಕಲಿತು, ಬಸವನ ಬಾಗೇವಾಡಿಯಲ್ಲಿ ಕೆಲವು ವರ್ಷ ಹತ್ತಿ ಮಿಲ್ಲಿನಲ್ಲಿ ದುಡಿದು, ಕಡೆಗೆ ಇಂಡಿಯಲ್ಲಿ ಗಿರಣಿ ಹಾಕಿದ್ದರು. ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಒಂದು ಮಾಳಿಗೆಯ ಕೋಣೆಯೇ ಅವರ ಚರ್ಚು. ತಿಂಗಳಿಗೊಮ್ಮೆ ವಿಜಾಪುರದಿಂದ ಪಾದ್ರಿ ಅಯ್ಯನವರು ಬಂದು ಪೂಜೆ ನಡೆಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಕಾಕಾರೇ ಹಾಡು ಎತ್ತಿಕೊಡುತ್ತಿದ್ದರಂತೆ. ಅವರ ದನಿ ಒರಟು. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಕೂಗಿಯೇ ಮಾತಾಡುವ ರೂಢಿ ಬಿದ್ದಿತ್ತು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಅದಕ್ಕೆ ತದ್ವಿರುದ್ಧ, ಪಿಸುಮಾತಿನವರು.

ಗಿರಣಿಯಲ್ಲಿ ಅವರದೊಂದು ಹಟವಿತ್ತು. ಒಬ್ಬರ ಜೋಳ ಮುಗಿದ ಮೇಲೆ, ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಕಟ್ಟಿಗೆಯಿಂದ ಬಡಿದು ಬಡಿದು ಕೊನೆಯ ಚಿಟಿಕೆಯೂ ಇಳಿಯುವವರೆಗೆ ಮುಂದಿನವರ ಡಬ್ಬ ಮುಟ್ಟುತ್ತಿರಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸರು ಗೊಣಗುತ್ತಿದ್ದರು. ಅತ್ತೆ ಒಮ್ಮೆ, ಇಷ್ಟೊಂದು ಬಡಿದರೆ ಚೀಲವೇ ಹರಿದೀತೆಂದು ನಗೆಯಾಡಿದರು. ಅದಕ್ಕೆ ಕಾಕಾ ಹೇಳಿದ್ದು ನನಗೆ ನೆನಪಿದೆ: "ಹರದ್ರ ಕಾಕು ಹೊಲೀತಾಳ್ರಿ ಅಕ್ಕಾರ. ನಿಮ್ಮ ಹಿಟ್ಟು ಇನ್ನೊಬ್ಬರ ಗಂಗಾಳಕ್ಕ ಹೋಗಬಾರದು."

ಅತ್ತೆಗೆ ಅವರ ಮೇಲೆ ವಿಶ್ವಾಸವಿತ್ತು, ಆದರೆ ಒಂದು ಗೆರೆಯೂ ಇತ್ತು. ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸದೆ ನೀರು ಮುಟ್ಟುತ್ತಿರಲಿಲ್ಲ. ಕಾಕು ಬಂದರೆ ಪಡಸಾಲೆಯಲ್ಲಿ ಚಾಪೆ ಹಾಕಿ ಚಹಾ ಕೊಡುತ್ತಿದ್ದರು; ಅಡುಗೆಮನೆಯ ಹೊಸ್ತಿಲ ತನಕ ಕರೆದವರಲ್ಲ. ಕಾಕು ಕೂಡ ಅದನ್ನು ಅರಿತು ಪಡಸಾಲೆಯಿಂದ ಮುಂದೆ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಆರಂಭದ ಬರಗಾಲ ಅದು. ಮಳೆ ಕೈಕೊಟ್ಟು ಬಿತ್ತನೆ ಆಗದೆ, ತರಿಸಿದ ಹೈಬ್ರಿಡ್ ಜೋಳದ ಬೀಜ ಅಂಗಡಿಗಳಲ್ಲೇ ಉಳಿದಿತ್ತು. ಹುಳ ಹತ್ತದಿರಲೆಂದು ಬೀಜಕ್ಕೆ ಕೆಂಪು ಬಣ್ಣದ ವಿಷದೌಷಧ ಹಚ್ಚಿರುತ್ತಿದ್ದರು. ಇನ್ನೊಂದು ಕಡೆ ತಿನ್ನುವ ಜೋಳ ಸಿಗುವುದೇ ಕಷ್ಟವಾಗಿತ್ತು. ನಮ್ಮ ಪೇಟೆಯ ಒಬ್ಬ ಸಾವ್ಕಾರರಿಗೆ ಬೀಜದ ಅಂಗಡಿಯೂ ಇತ್ತು, ಕಾಳಿನ ವ್ಯಾಪಾರವೂ ಇತ್ತು. ಕಾಕಾರ ಗಿರಣಿ ನಿಂತ ಜಾಗವೂ ಅವರದೇ. ಅವರ ಆಳು ಒಂದು ದಿನ ಬಂದು, ಬೀಸಿದ ಹಿಟ್ಟೇ ಅಗ್ಗಕ್ಕೆ ಸಿಗುತ್ತದೆ, ಬೇಕೇ ಎಂದು ಕೇಳಿದ. ಜೋಳಕ್ಕಾಗಿ ಪೇಟೆಯೆಲ್ಲ ಅಲೆದು ಸೋತಿದ್ದ ಅತ್ತೆ, ಎಲ್ಲಿಯ ಜೋಳ ಎಂದು ಕೇಳದೆಯೇ ಒಂದು ಚೀಲ ಹೇಳಿದರು. ಮರುದಿನ ಬೆಳಿಗ್ಗೆ ಚೀಲ ಬಂತು.

ಅವತ್ತು ಹತ್ತು ಗಂಟೆಯ ಹೊತ್ತಿಗೆ ನಾನು ನಲವತ್ತರಷ್ಟು ರೊಟ್ಟಿ ಬಡಿದಿದ್ದೆ. ಹೊರಗೆ ಕಾಕಾರ ದನಿ ಕೇಳಿ, ಹಿಟ್ಟು ಹತ್ತಿದ ಕೈಯಲ್ಲೇ ಎದ್ದು ಬಂದೆ. ಹೆಗಲ ಮೇಲೆ ಒಂದು ಗಂಟು, ಹಿಂದೆ ಕಾಕು. ಯಾವತ್ತೂ ಕೂಗಿ ಮಾತಾಡುವ ಮನುಷ್ಯ ಅಂದು ಮೆಲ್ಲಗೆ ಹೇಳಿದರು.

"ಅಕ್ಕಾರ, ಆ ಹಿಟ್ಟು ಯಾರಿಗೂ ಉಣಸಬ್ಯಾಡ್ರಿ. ಬಿತ್ತೋ ಬೀಜ ತೊಳದು ಬೀಸಿದ್ದು ಅದು. ತೊಳದ್ರ ಔಷಧ ಹೋಗೂದಿಲ್ಲ. ಬೀಸಿದಾವ ನಾನ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತರು. "ಗೊತ್ತಿದ್ದೂ ಬೀಸಿದ್ರೇನು?" ಎಂದರು.

ಗೊತ್ತಿರಲಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಿದ್ದರೆ ನಾವು ನಂಬುತ್ತಿದ್ದೆವು.

"ಸುರುವಿಗೆ ಗೊತ್ತಿರಲಿಲ್ರಿ. ಬೆವತ ಕೈಗೆ ಕೆಂಪು ಹತ್ತಿತು ನೋಡ್ರಿ, ಆಗ ಗೊತ್ತಾತು. ಆದ್ರೂ ಎರಡನೇ ಚೀಲ ಮುಗಿಯೂತನ ಎಂಜಿನ್ ಬಂದ್ ಮಾಡಲಿಲ್ಲ. ಜಾಗಾದ ಮಾಲಕರ ಮಾಲು ಅಂತ ಅಂಜಿದೆ."

ಹಿಂದಿನ ಸಂಜೆ ನಡೆದದ್ದನ್ನು ಅವರು ಆಮೇಲೆ ಹೇಳಿದರು. ಸಾವ್ಕಾರರು ಆರು ಚೀಲ ಕಳಿಸಿದ್ದರು. ಎರಡು ಬೀಸಿ ಆದ ಮೇಲೆ ಕಾಕಾ ಗಿರಣಿ ನಿಲ್ಲಿಸಿದರು. ಬೀಸಿದ ಎರಡನ್ನು ಆಳು ಆಗಲೇ ಒಯ್ದಿದ್ದ. ಬೆಳಗಾದೊಡನೆ ಕಾಕಾ ಸಾವ್ಕಾರರ ಅಂಗಡಿಗೆ ಹೋಗಿ ಅದು ಎಲ್ಲಿಗೆ ಹೋಯಿತೆಂದು ಕೇಳಿದರು. ತೊಳೆದು ಒಣಗಿಸಿದ್ದು, ಏನೂ ಆಗುವುದಿಲ್ಲ, ಬೀಸುವವನಿಗೆ ಈ ಉಸಾಬರಿ ಏಕೆ ಎಂದರಂತೆ ಸಾವ್ಕಾರರು. ಕಾಕಾ ಗಿರಣಿಗೆ ಮರಳಿ, ಉಳಿದ ನಾಲ್ಕು ಚೀಲದ ಮೇಲೂ ಎಂಜಿನ್ನಿನ ಕರಿ ಎಣ್ಣೆ ಸುರಿದರು. ಇನ್ನು ಅದನ್ನು ಯಾರೂ ತಿನ್ನುವಂತಿರಲಿಲ್ಲ. ಹಿಟ್ಟು ಹೋದ ಜಾಗವನ್ನು ಅಂಗಡಿಯ ಆಳೇ ಗುಟ್ಟಾಗಿ ತಿಳಿಸಿದ: ಒಂದು ಚೀಲ ನಮ್ಮ ಖಾನಾವಳಿಗೆ, ಇನ್ನೊಂದು ಹತ್ತಿರದ ಸಾಲೋಟಗಿ ಹಳ್ಳಿಯ ಒಂದು ಕಿರಾಣಿ ಅಂಗಡಿಗೆ.

ಅತ್ತೆ ಬೈಯುತ್ತಾರೆಂದುಕೊಂಡೆ. ಅವರು ಒಲೆಯ ಪಕ್ಕದ ರೊಟ್ಟಿಯ ಬುಟ್ಟಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ರೊಟ್ಟಿಯ ಜೊತೆ ಚೀಲದ ಹಿಟ್ಟನ್ನೂ ದನಕ್ಕೂ ನಾಯಿಗೂ ಸಿಗದಂತೆ ಗುಂಡಿ ತೋಡಿ ಹುಗಿಯಬೇಕೆಂದು ಕಾಕಾರೇ ಸಲಿಕೆ ಹಿಡಿದರು. ಬಂದು ನೋಡಿದರೆ ಒಲೆ ಉರಿಯುತ್ತಿದೆ, ಒಂದು ತಾಸಿನಲ್ಲಿ ಮಂದಿ ಊಟಕ್ಕೆ ಬರುತ್ತಾರೆ, ಮನೆಯಲ್ಲಿ ಹಿಟ್ಟಿಲ್ಲ. ಕಾಕಾ ತಮ್ಮ ಗಂಟು ಬಿಚ್ಚಿದರು. ಅವರ ಮನೆಯದೇ ಬಿಳಿಜೋಳದ ಹಿಟ್ಟು, ಇದ್ದಷ್ಟೂ.

"ನಾ ಸಾಲೋಟಗಿಗೆ ಹೊಂಟೇನಿ. ಇಕಿ ಇಲ್ಲೇ ಇರ್ತಾಳ, ಏನರ ಕೆಲಸ ಹಚ್ರಿ" ಎಂದು ಕಾಕುವನ್ನು ತೋರಿಸಿ ಹೊರಟೇಬಿಟ್ಟರು.

ಕಾಕು ಎಂದಿನಂತೆ ಪಡಸಾಲೆಯಲ್ಲೇ ನಿಂತಿದ್ದರು. ಅತ್ತೆ ಒಳಗಿನಿಂದ ಕರೆದರು, "ಅಲ್ಲೇ ನಿಂತ್ರ ರೊಟ್ಟಿ ಬಡಿಯೋರು ಯಾರು, ಒಳಗ ಬಾ." ಅಷ್ಟೇ. ಕಾಕು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು ನನ್ನ ಎದುರಿಗೆ ಕೂತರು. ಅವರ ರೊಟ್ಟಿ ನನ್ನ ರೊಟ್ಟಿಗಿಂತ ತೆಳು, ದುಂಡಗೆ. ಅತ್ತೆ ಅದನ್ನು ನೋಡಿ ನನ್ನತ್ತ ಒಂದು ನೋಟ ಬೀರಿದರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅವತ್ತು ಯಾರೂ ಹಸಿದು ಹೋಗಲಿಲ್ಲ.

ಕಾಕಾ ಎರಡು ದಿನ ಸಾಲೋಟಗಿಯಲ್ಲಿ ಸೈಕಲ್ ತಳ್ಳಿಕೊಂಡು ಮನೆಮನೆ ತಿರುಗಿದರು. ಆ ಅಂಗಡಿಯಲ್ಲಿ ಸೇರಿನ ಲೆಕ್ಕದಲ್ಲಿ ಹಿಟ್ಟು ಹಂಚಿಹೋಗಿತ್ತು. ಪ್ರತಿ ಮನೆಯ ಮುಂದೆ ನಿಂತು, ಹಿಟ್ಟು ಬೀಸಿದವ ನಾನು, ಅದರಲ್ಲಿ ವಿಷ ಇದೆ, ವಾಪಸ್ ಕೊಡಿರಿ ಎಂದು ಹೇಳುತ್ತಿದ್ದರಂತೆ. ಕೆಲವರು ನಕ್ಕರು, ಒಬ್ಬ ಹೊಡೆಯಲು ಬಂದ. ಒಂದು ಮನೆಯಲ್ಲಿ ಮುದುಕಿಯೂ ಇಬ್ಬರು ಮೊಮ್ಮಕ್ಕಳೂ ವಾಂತಿ ಮಾಡಿಕೊಂಡು ಮಲಗಿದ್ದರು. ಮನೆಯವರು ಕೆಟ್ಟ ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಕಾಕಾ ಚಕ್ಕಡಿ ಹೂಡಿಸಿ ಮೂವರನ್ನೂ ಇಂಡಿಯ ದವಾಖಾನೆಗೆ ತಂದರು. ಅವರು ತಿಂದದ್ದು ಏನೆಂದು ತಿಳಿದದ್ದರಿಂದಲೇ ಬೇಗ ಔಷಧ ಕೊಡಲು ಆಯಿತೆಂದು ಡಾಕ್ಟರರು ಹೇಳಿದರು. ಮೂವರೂ ಉಳಿದರು. ಅವರು ಅಲ್ಲಿದ್ದ ನಾಲ್ಕು ದಿನವೂ ಕಾಕು ಗಂಜಿ ಕಾಯಿಸಿ ಒಯ್ದರು, ಕಾಕಾ ಮುದುಕಿಯ ಮಂಚದ ಪಕ್ಕ ಕೂತಿರುತ್ತಿದ್ದರು. ಡಾಕ್ಟರರು ಬೀಜ ಎಲ್ಲಿಯದೆಂದು ಕೇಳಿದಾಗ ಅದನ್ನೂ ಮುಚ್ಚಿಡಲಿಲ್ಲ. ಊರಲ್ಲಿ ಸುದ್ದಿ ಹಬ್ಬಿ ಸಾವ್ಕಾರರು ಕೆಲವು ದಿನ ಅಂಗಡಿಗೇ ಬರಲಿಲ್ಲ.

ಆ ತಿಂಗಳು ಅಯ್ಯನವರು ಬಂದಾಗ ಕಾಕಾ ಸಭೆಯ ಮುಂದೆ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡರಂತೆ. ನೀನು ಬೇಕೆಂದು ಮಾಡಿದ್ದಲ್ಲ, ದೇವರು ಕ್ಷಮಿಸಿದ್ದಾನೆ, ಇನ್ನು ನೊಂದುಕೊಳ್ಳಬೇಡ ಎಂದು ಅಯ್ಯನವರು ಸಮಾಧಾನ ಹೇಳಿದರು. ಕಾಕು ಇದನ್ನು ನಮ್ಮ ಒಲೆಯ ಮುಂದೆ ಕೂತು ಹೇಳಿದ್ದರು. ಅಯ್ಯನವರಿಗೆ ಕಾಕಾ ಕೊಟ್ಟ ಉತ್ತರ ಇಷ್ಟೇ: "ದೇವರ ಕ್ಷಮಾ ಸಿಕ್ಕೈತ್ರಿ, ಅದರ ಬಗ್ಗೆ ಸಂಶಯ ಇಲ್ಲ. ಆದ್ರ ಸಾಲೋಟಗ್ಯಾಗ ಇನ್ನೂ ಮೂರು ಮನಿ ಹಿಟ್ಟು ವಾಪಸ್ ಬಂದಿಲ್ಲ." ಪೂಜೆ ಮುಗಿದೊಡನೆ ಅಯ್ಯನವರನ್ನೂ ಸೈಕಲ್ ಹಿಂದೆ ಕೂರಿಸಿಕೊಂಡು ಹೋದರು. ಬಿಳಿ ನಿಲುವಂಗಿಯ ಅಯ್ಯನವರು ಸೈಕಲ್ ಮೇಲೆ ಬಂದದ್ದನ್ನು ಸಾಲೋಟಗಿಯವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು. ಹಿಟ್ಟು ಮಾತ್ರ ಮೂರೂ ಮನೆಯಿಂದ ಸಿಕ್ಕಿತು.

ಸಾವ್ಕಾರರು ಜಾಗ ಬಿಡಿಸಿದರು. ಅದು ಎಲ್ಲರೂ ನಿರೀಕ್ಷಿಸಿದ್ದೇ. ಕಾಕಾ ವಾಪಸ್ ಗದಗಿಗೆ ಹೋಗುವ ಯೋಚನೆಯಲ್ಲಿದ್ದರು. ಅತ್ತೆ ನನ್ನ ಗಂಡನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ; ಹಿತ್ತಲಿನ ಪತ್ರಾಸ್ ತಗಡಿನ ಶೆಡ್ಡಿನಿಂದ ಕಟ್ಟಿಗೆಯನ್ನೆಲ್ಲ ತೆಗೆಸಿ, ಅಲ್ಲೇ ಗಿರಣಿ ಹೂಡಲು ಹೇಳಿದರು. ಕಾಕಾ ಗಿರಣಿ ಕಲ್ಲುಗಳನ್ನು ಹೊರಗೆ ಬಿಚ್ಚಿಟ್ಟು, ಮೂರು ದಿನ ಕೂತು, ಹಳೆಯ ಮೈಯೆಲ್ಲ ಹೋಗುವಂತೆ ಉಳಿಯಿಂದ ಕೆತ್ತಿ ಹೊಸದು ಮಾಡಿದರು. ಗಿರಣಿ ಶುರುವಾದಾಗ ನಮ್ಮ ಅಡುಗೆಮನೆಯ ಗೋಡೆಯ ಮೇಲಿನ ತಾಟುಗಳೆಲ್ಲ ಗಡಗಡ ನಡುಗಿದವು. ಆರು ತಿಂಗಳಲ್ಲಿ ಆ ಸದ್ದಿಲ್ಲದೆ ನಮಗೆ ನಿದ್ದೆಯೇ ಹತ್ತದಂತಾಯಿತು ಎಂದು ಅತ್ತೆ ಹೇಳುತ್ತಿದ್ದರು, ಆದರೆ ಗಿರಣಿ ನಡೆಯುತ್ತಿದ್ದದ್ದು ಹಗಲು ಮಾತ್ರ.

ಸಾವ್ಕಾರರ ವ್ಯಾಪಾರದ ಮಾಲು ಬೇರೆ ಗಿರಣಿಗೆ ಹೋಗುತ್ತಿತ್ತು. ಒಂದು ವರ್ಷ ಕಳೆದಿರಬೇಕು, ಅವರ ಮನೆಯ ಕೆಲಸದಾಕೆ ಜೋಳದ ಡಬ್ಬ ಹೊತ್ತು ನಮ್ಮ ಹಿತ್ತಲಿಗೆ ಬಂದಳು. ಮನೆಯಲ್ಲಿ ಉಣ್ಣುವ ಹಿಟ್ಟು ಇನ್ನು ಇಲ್ಲೇ ಬೀಸಿಸಬೇಕೆಂದು ಸಾವ್ಕಾರರೇ ಹೇಳಿ ಕಳಿಸಿದ್ದರಂತೆ. ಅತ್ತೆಗೆ ಬಾಯಿ ತುಂಬ ಮಾತು ಬಂದಿತ್ತು. ಕಾಕಾ ಕಣ್ಣಿನಲ್ಲೇ ಬೇಡವೆಂದು, ಡಬ್ಬ ಇಸಿದುಕೊಂಡು, ಎಲ್ಲರ ಹಿಟ್ಟಿಗೆ ಬಡಿದಂತೆಯೇ ಚೀಲ ಬಡಿದು ಕೊನೆಯ ಚಿಟಿಕೆಯವರೆಗೆ ಇಳಿಸಿಕೊಟ್ಟರು.

ಆ ದಶಕ ಮುಗಿಯುವ ಹೊತ್ತಿಗೆ ಹಿಟ್ಟಿನ ಧೂಳು ಅವರ ಎದೆ ಹಿಡಿಯಿತು. ಕೊನೆಕೊನೆಗೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಅವರಿಗೆ ಮೆತ್ತಗಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಒಯ್ದಿದ್ದೆ. ಕಾಕು ನೀರಿಗೆ ಹೋಗಿದ್ದರು. ಎಷ್ಟೋ ವರ್ಷ ನುಂಗಿಕೊಂಡಿದ್ದ ಮಾತನ್ನು ಅಂದು ಹೇಳಿದೆ. ಆ ದಿನ ಬಿಸಿನೀರು ಹಾಕಿ ಹಿಟ್ಟು ನಾದಿದಾಗ ನನ್ನ ಬೆರಳುಗಳಿಗೂ ಕೆಂಪು ಹತ್ತಿತ್ತು. ಇದೇನೋ ಸರಿಯಿಲ್ಲ ಎಂದು ಮನಸ್ಸಿಗೆ ಬಂದಿತ್ತು. ಆದರೆ ಮಂದಿ ಊಟಕ್ಕೆ ಬರುವ ಹೊತ್ತು, ಅತ್ತೆ ಬೈದಾರು ಎಂದು ಸುಮ್ಮನೆ ನಲವತ್ತು ರೊಟ್ಟಿ ಬಡಿದಿದ್ದೆ. ಅವರು ಬರದಿದ್ದರೆ ಬಡಿಸಿಯೂ ಬಿಡುತ್ತಿದ್ದೆ.



"ನಿನ್ನ ಕೈ ನೋಡಿದ್ದೆ, ತಂಗಿ" ಎಂದರು. "ಅವತ್ತ ಹೇಳಿದ್ರ ನಿನ್ನ ಅತ್ತಿ ನಿನ್ನ ಬೈತಿದ್ರು. ನನ್ನ ತಪ್ಪಿಗೆ ನಾ ಬೈಸಿಕೊಳ್ಳಾಕ ಬಂದಿದ್ದೆ, ನಿನ್ನ ಬೈಸಾಕ ಅಲ್ಲ."

ನಾನು ಅಳತೊಡಗಿದೆ. ಅವರು ನನ್ನನ್ನು ಸುಮ್ಮನಿರೆಂದೂ ಹೇಳಲಿಲ್ಲ, ಹೋಗಲಿ ಬಿಡು ಎಂದೂ ಹೇಳಲಿಲ್ಲ. ಅತ್ತು ಮುಗಿದ ಮೇಲೆ, ರೊಟ್ಟಿ ಆರಿಹೋಗುತ್ತದೆ, ಉಣಿಸು ಎಂದರು. ಒಂದೊಂದೇ ತುತ್ತು ಉಣಿಸಿದೆ. ಬಟ್ಟಲು ಖಾಲಿಯಾಗುವವರೆಗೆ ಉಂಡರು.

ಎಂಟು ದಿನದಲ್ಲಿ ತೀರಿಕೊಂಡರು. ಮಣ್ಣಿಗೆ ಸಾಲೋಟಗಿಯಿಂದ ಒಂದು ಚಕ್ಕಡಿ ತುಂಬ ಜನ ಬಂದಿದ್ದರು. ಅತ್ತೆ ಖಾನಾವಳಿ ಮುಚ್ಚಿ, ಹಣೆಯ ತುಂಬ ವಿಭೂತಿ ಧರಿಸಿ, ಕಾಕುವಿನ ಕೈ ಹಿಡಿದುಕೊಂಡು ಕ್ರೈಸ್ತರ ಸ್ಮಶಾನದವರೆಗೂ ನಡೆದರು. ನಾನು ಅವರಿಬ್ಬರ ಹಿಂದೆ ಇದ್ದೆ. ದಾರಿಯಲ್ಲೇ ಮುಂದೆ ಹೋಗಿ, ಅತ್ತೆಯ ಇನ್ನೊಂದು ಕೈ ಹಿಡಿದು, ನನ್ನ ಬೆರಳಿಗೆ ಹತ್ತಿದ ಬಣ್ಣದ ವಿಷಯವನ್ನು ಅವರಿಗೂ ಹೇಳಿದೆ.