ಗಂಗಿ ಪೂಜೆಗೆ ಸಿಕ್ಕ ಹೊಳೆ

ಆಗೆಲ್ಲ ಕುರ್ಲಾದ ನಮ್ಮ ಚಾಳಿನಲ್ಲಿ ಹೊಳೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಗಾಳಿ ನಮ್ಮ ಕಡೆ ತಿರುಗಿತೋ, ಕುಂಟಾಬಿಲ್ಲೆ ಬಿಟ್ಟು ಒಳಗೆ ಓಡುತ್ತಿದ್ದೆವು. ಎಣ್ಣೆ ಡ್ರಮ್ ತೊಳೆಯುವವರು, ಬಟ್ಟೆಗೆ ಬಣ್ಣ ಹಾಕುವವರು, ಎಲ್ಲರೂ ತಮ್ಮ ಹೊಲಸನ್ನು ಈ ಹೊಳೆಗೇ, ಮೀಠಿ ನದಿಗೇ, ಸುರಿಯುತ್ತಿದ್ದರು. ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಮಳೆಯೂ ಕೈಕೊಟ್ಟಿತು. ಜೂನ್ ಮುಗಿಯುತ್ತ ಬಂದರೂ ಹನಿಯಿಲ್ಲ. ಬಿಸಿಲಿಗೆ ಬತ್ತಿದ ನೀರು ಕಪ್ಪಗೆ ಗಟ್ಟಿಯಾಗಿ, ಮೀನುಗಳು ಸತ್ತು ತೇಲಿದವು.

ಅದೇ ಹೊತ್ತಿಗೆ ನಮ್ಮ ಜೊತೆಗೇ ಇದ್ದ ಚಿಗವ್ವ, ಅಂದರೆ ಚಿಕ್ಕಮ್ಮ, ಹಡೆದಿದ್ದಳು. ಬಾಣಂತನಕ್ಕೆ ವಿಜಾಪುರದಿಂದ ಅಜ್ಜಿ ಬಂದಿದ್ದಳು. ಬಾಣಂತಿ ಗಂಗಿ ಪೂಜೆ ಮಾಡದೆ ನೀರಿನ ಕೊಡ ಮುಟ್ಟುವಂತಿಲ್ಲ, ಆ ಪೂಜೆ ಹರಿಯುವ ನೀರಿಗೇ ಆಗಬೇಕು ಅನ್ನುವುದು ಅಜ್ಜಿಯ ಹಟ. ಹೊಳೆ ನೋಡಿ ಬಂದವಳು ಮೂಗಿನ ಮೇಲಿನ ಸೆರಗು ತೆಗೆಯಲೇ ಇಲ್ಲ. ಮನೆಗೆ ನೀರು ಬರುವ ನಳಕ್ಕೆ ಕುಂಕುಮ ಹಚ್ಚಿದರೆ ಸಾಲದೇ ಎಂದು ಅವ್ವ ಮೆಲ್ಲಗೆ ಕೇಳಿದ್ದಕ್ಕೆ ಅಜ್ಜಿ ಸಿಡುಕಿದಳು.

“ನಳಕ್ಕ ಗಂಗವ್ವ ಅಂತ ಹ್ಯಾಂಗ ಕೈ ಮುಗೀಲಿ? ಸೋಮಾರ ಬಾಣಂತಿನ, ಕೂಸಿನ ಊರಿಗೆ ಕರಕೊಂಡು ಹೊಕ್ಕೀನಿ.”

ಚಿಗವ್ವ ಗೋಡೆ ಕಡೆ ತಿರುಗಿ ಅತ್ತಳು. ನನಗೂ ಅಳು ಬಂತು. ಕೂಸಿನ ತಲೆಯ ಎಣ್ಣೆ, ಲೋಬಾನದ ವಾಸನೆ ಮೂಸದೆ ನಾನು ಶಾಲೆಗೇ ಹೋಗುತ್ತಿರಲಿಲ್ಲ.

ಚಿಗವ್ವನ ಗಂಡ, ನಮ್ಮ ಕಾಕಾ, ಪವಯಿ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಇದೇ ಹೊಳೆ ಅಲ್ಲಿ, ತಾನು ಹುಟ್ಟುವ ಗುಡ್ಡದ ಬುಡದಲ್ಲಿ, ತಿಳಿಯಾಗಿದೆ ಅಂದ. ಅಜ್ಜಿ ನಂಬಲಿಲ್ಲ. ಆದರೂ ರವಿವಾರ ಗುಗ್ಗರಿ ಕುದಿಸಿಕೊಂಡು ಎಲ್ಲರೂ ಬಸ್ ಹತ್ತಿದೆವು.

ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು. ಸುತ್ತ ಹಸಿ ಹುಲ್ಲಿನ ವಾಸನೆ. ನೀರಿಗಿಳಿದ ಚಿಗವ್ವನ ಕಾಲಿಗೆ ಮರಿಮೀನುಗಳು ಮುತ್ತಿಕೊಂಡವು. ಐದು ಕಲ್ಲಿಟ್ಟು ಪೂಜೆ ಮಾಡಿ, ಅವಳು ಬಿಂದಿಗೆ ತುಂಬಿದಳು. ಅಜ್ಜಿ ತನ್ನ ಪಾಲಿನ ಗುಗ್ಗರಿಯನ್ನೂ ಮೀನಿಗೆ ಹಾಕಿ ಬಹಳ ಹೊತ್ತು ಕೂತಳು.

“ಗಂಗವ್ವ ಚಂದಾಗೇ ಹುಟ್ಟ್ಯಾಳ,” ಅಂದಳು. “ನಮ್ಮ ಓಣಿಗೆ ಬರೂದ್ರಾಗ ಹಿಂಗ ಮಾಡಿ ಇಟ್ಟಾರ. ಹೊಲಸು ಹಾಕೂದು ಬಿಟ್ರ ಸುಧಾರಸ್ತಾಳ.”

ಸೋಮವಾರ ಅಜ್ಜಿಯೊಬ್ಬಳೇ ರೈಲು ಹತ್ತಿದಳು. ಕೂಸು ನಮ್ಮಲ್ಲೇ ಉಳಿಯಿತು. ನಾನು ಚಾಳಿನ ತುಂಬ ಕುಣಿದೆ.

ಈಗ ಮಳೆಗೆ ಹೊತ್ತುಗೊತ್ತಿಲ್ಲ. ವಾರಗಟ್ಟಲೆ ಕಾಯಿಸಿ, ಒಂದೇ ಮಧ್ಯಾಹ್ನ ಸುರಿದು ಹೊಳೆಯ ಹೊಲಸನ್ನೆಲ್ಲ ಮನೆಯೊಳಗೆ ತರುತ್ತದೆ. ಸೆಕೆ ಹೆಚ್ಚಿ, ಬೆಚ್ಚಗಾದ ಕೊಳಕು ನೀರಿನಲ್ಲಿ ಮೀನಿಗೆ ಉಸಿರು ಸಿಗುವುದಿಲ್ಲ. ನಾವು ಕೂತಿದ್ದ ಬಂಡೆಗಳ ಮೇಲೆ ಯಾರದೋ ಕಾಂಪೌಂಡು ಎದ್ದಿದೆ. ಆದರೂ ಪ್ರತಿ ಮಳೆಗಾಲ ಅಲ್ಲಿಗೆ ಹೋಗಿ ನೋಡಿ ಬರುತ್ತೇನೆ. ಈ ಸಲ ತಿಳಿನೀರು ಹುಡುಕಿ ಇನ್ನಷ್ಟು ಮೇಲಕ್ಕೆ ಹತ್ತಬೇಕಾಯಿತು. ಮಂಡಿ ನೋಯುತ್ತಿತ್ತು, ಬೈದುಕೊಂಡೇ ಹತ್ತಿದೆ. ಮೀನಿದ್ದವು.