ಆಷಾಢದ ಆ ಒಂಬತ್ತು ದಿನ

ನನ್ನ ಮಗಳು ಶಶಿರೇಖಾ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಜ್ವರವಿಲ್ಲ, ನೋವಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವಳು. ತಲೆ ಬಾಚಲು ಹೋದರೆ ಕೈ ತಳ್ಳುವಳು. ಮುದ್ದೆ ಮುರಿದು ಬಾಯಿಗಿಟ್ಟರೆ ನುಂಗುವುದನ್ನೇ ಮರೆತವಳಂತೆ ಹಾಗೇ ಇಟ್ಟುಕೊಂಡಿರುವಳು. ಒಂದು ಬೆಳಿಗ್ಗೆ, "ಅಮ್ಮ, ನಾನ್ ಇರೋದೇ ಬೇಡ ಕಣಮ್ಮ" ಎಂದಳು. ಅವತ್ತು ಮನೆಯಲ್ಲಿದ್ದ ಕತ್ತರಿಗಳನ್ನೆಲ್ಲ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಪಕ್ಕದ ಮನೆಯಲ್ಲಿ ಇಟ್ಟು ಬಂದೆ. ನಮ್ಮದು ದರ್ಜಿ ಮನೆ. ಕತ್ತರಿ ಎಷ್ಟು ಸಿಕ್ಕಿದರೂ ಇನ್ನೊಂದು ಎಲ್ಲೋ ಇದೆ ಅನ್ನಿಸುತ್ತಿತ್ತು.

ಅಮೃತಹಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಂಡ ಬಿಟ್ಟುಹೋದಾಗ ಇಪ್ಪತ್ತಾರು ವರ್ಷ, ಆಗ ಮಷೀನಿಗೆ ಕೂತವಳು, ಈಗ ನಲವತ್ತು. ಅವಳು ಹೊಲಿದ ರವಿಕೆ ಮೈಗೆ ಅಂಟಿದ ಹಾಗೆ ಕೂರುತ್ತದೆ ಎಂದು ಸಹಕಾರನಗರದ ಹೆಂಗಸರು ಕಾರಿನಲ್ಲಿ ಬರುತ್ತಿದ್ದರು. ಸೀರೆ ಅಂಚಿಗೆ ಫಾಲ್ಸ್ ಹಚ್ಚಲು, ರವಿಕೆಗೆ ಹುಕ್ಕು ಹಾಕಲು ಆರ್.ಟಿ. ನಗರದಿಂದ ಫಖ್ರುನ್ನೀಸಾ ದಿನಾ ಬರುತ್ತಾಳೆ. ಹನ್ನೆರಡು ವರ್ಷದಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ದರ್ಜಿಗಳು ನಿದ್ದೆಗೆಡುವುದು ಇದ್ದದ್ದೇ. ಹಾಗಾಗಿ ಇವಳು ಒಂದೊಂದು ಸಲ ವಾರಗಟ್ಟಲೆ ಕಣ್ಣು ಮುಚ್ಚದೆ, ಪಟಪಟ ಮಾತಾಡಿಕೊಂಡು, ನಗಾಡಿಕೊಂಡು ಹೊಲಿದರೆ ಸೀಸನ್ನು ಎಂದುಕೊಳ್ಳುತ್ತಿದ್ದೆ. ಆಮೇಲೆ ತಿಂಗಳು ಮಂಕಾದರೆ ದಣಿವು ಎಂದುಕೊಳ್ಳುತ್ತಿದ್ದೆ.

ಇರೋದೇ ಬೇಡ ಎಂದು ಅವಳು ಅಂದ ದಿನವೇ ನಾನೂ ಫಖ್ರುನ್ನೀಸಾನೂ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಶಶಿಯನ್ನು ಮೆಲ್ಲಗೆ ಮಾತಾಡಿಸಿದರು. ಅವಳು ತುಟಿ ಬಿಚ್ಚಲಿಲ್ಲ. ಥೈರಾಯ್ಡು ಇದೆಯೇನೋ ಎಂದು ರಕ್ತ ತೆಗೆಸಿದರು, ಮಧ್ಯಾಹ್ನ ಬಂದ ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಅಮ್ಮ, ಇವ್ರು ಬೇಜಾರಲ್ಲಿರೋದು ಕಾಣ್ತಿದೆ. ಅದಕ್ಕೆ ಉಲ್ಟಾ ಯಾವಾಗಾದ್ರೂ ಆಗಿದ್ರಾ? ವಿಪರೀತ ಖುಷಿ, ನಿದ್ದೆ ಇಲ್ದೆ ಇದ್ರೂ ಸುಸ್ತಿಲ್ಲ, ಇಂಥದ್ದು?"

"ಅಂಗೇನೂ ಇಲ್ಲ ಡಾಕ್ಟ್ರಮ್ಮ. ಅಬ್ಬದ ಟೈಮಲ್ಲಿ ಕೆಲ್ಸ ಜಾಸ್ತಿ, ನಿದ್ದೆ ಇರಲ್ಲ. ಎಲ್ಲಾ ಟೈಲರ್‌ಗೂ ಅಂಗೇ."

"ಕೆಲಸ ಇಲ್ಲದಾಗಲೂ ಹಾಗೆ ಹೊಲಿದಿದ್ದಾರಾ?"

ಫಖ್ರುನ್ನೀಸಾ ನನ್ನ ಮೊಣಕೈ ತಿವಿದಳು. "ಅಮ್ಮಾ, ಆಷಾಢದ್ದು ಹೇಳಿ."

"ಸುಮ್ಕಿರೇ."

"ಎಷ್ಟು ಅಂತ ಸುಮ್ನಿರ್ಲಿ? ನಿಮ್ ಮಗಳು ಅಲ್ಲಿ ಕಲ್ಲಿನ್ ಥರ ಕೂತವ್ಳೆ, ನೀವು ಮರ್ಯಾದೆ ಕಾಯ್ಕೊಂಡ್ ಕೂತಿದೀರಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡೀಮ್ಮ, ಈ ಕಾಯಿಲೆ ರಕ್ತದಲ್ಲಿ ಕಾಣಲ್ಲ, ಸ್ಕ್ಯಾನಲ್ಲೂ ಕಾಣಲ್ಲ. ಮನೆಯೋರು ಹೇಳೋದೇ ನಮಗೆ ಪರೀಕ್ಷೆ. ಬರೀ ಬೇಜಾರಿನ ಕಾಯಿಲೆ ಅಂದ್ಕೊಂಡು ಅದರ ಮಾತ್ರೆ ಒಂದನ್ನೇ ಕೊಟ್ರೆ, ಕೆಲವರಿಗೆ ಅದೇ ತಿರುಗಿ ತಲೆಗೇರಿಸುತ್ತೆ. ನೀವು ಬಚ್ಚಿಟ್ರೆ ನಾನು ತಪ್ಪು ಔಷಧಿ ಬರೀತೀನಿ."

ಹೇಳಿದೆ. ಮೂರು ವರ್ಷದ ಹಿಂದೆ ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ದರ್ಜಿ ಅಂಗಡಿಗಳಲ್ಲಿ ನೊಣ ಹೊಡೆಯುವ ಕಾಲ. ಒಂದು ರವಿಕೆ ಆರ್ಡರೂ ಇರಲಿಲ್ಲ. ಆದರೂ ನಮ್ಮ ಮನೆಯ ಮಷೀನು ನಿಲ್ಲಲಿಲ್ಲ. ಕಿಟಕಿ ಪರದೆ, ದಿಂಬಿನ ಚೀಲ, ನನ್ನ ಎರಡು ಸೀರೆ ಎಲ್ಲ ಕತ್ತರಿಸಿ ಅಂಗನವಾಡಿ ಮಕ್ಕಳಿಗೆ ಲಂಗ ಹೊಲಿದಳು. ಬೆಂಗಳೂರಿಗೆಲ್ಲ ನಾನೇ ಬಟ್ಟೆ ಹೊಲಿಯುತ್ತೇನೆ ಎಂದಳು. ಹಾಡಿದಳು. ನನ್ನನ್ನು ತಬ್ಬಿಕೊಂಡು ಕುಣಿಸಿದಳು. ಒಂಬತ್ತನೆಯ ದಿನ ಕೊರಳಿಗೆ ಟೇಪು ಹಾಕಿಕೊಂಡು ಹೆಬ್ಬಾಳದ ಫ್ಲೈಓವರ್ ತನಕ ನಡೆದು, ಗಾಡಿಗಳ ಮಧ್ಯೆ ನುಗ್ಗಿ ಟ್ರಾಫಿಕ್ ಪೊಲೀಸಿನವನ ಎದೆಯಳತೆ ತೆಗೆಯತೊಡಗಿದಳು. ನಾನು ಓಡಿ ಹೋಗುವ ಹೊತ್ತಿಗೆ ಅವನು ಅವಳನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದ್ದ. "ಅಳತೆ ಏನೋ ತಗೊಂಡ್ರು, ಬಟ್ಟೆ ಯಾವಾಗ ಕೊಡ್ತೀರಾ ಅಜ್ಜಿ? ಇನ್ನೊಂದ್ ನಿಮಿಷ ಆಗಿದ್ರೆ ಲಾರಿ ಕೆಳಗಿರ್ತಿದ್ರು" ಎಂದು ನಗುತ್ತಲೇ ಬೈದ. ಲೈನಿಂಗ್ ಬಟ್ಟೆ ತರಲು ಹೋಗಿದ್ದಳು ಎಂದು ಊರಿಗೆಲ್ಲ ಹೇಳಿದೆ. ಹುಚ್ಚಿಯ ಕೈಗೆ ಬಟ್ಟೆ ಯಾರು ಕೊಡುತ್ತಾರೆ?

ಡಾಕ್ಟರಮ್ಮ ಬರೆದುಕೊಂಡು ವಿವರಿಸಿದರು. ಇದಕ್ಕೆ ಬೈಪೋಲಾರ್ ಎನ್ನುತ್ತಾರಂತೆ. ಮನಸ್ಸು ಒಮ್ಮೆ ಮೇಲೇರುವುದು, ಒಮ್ಮೆ ಪಾತಾಳಕ್ಕಿಳಿಯುವುದು. ಅದರಲ್ಲೂ ಬಗೆಗಳಿವೆ. ನಾಲ್ಕಾರು ದಿನ ಚುರುಕಾಗಿದ್ದು, ಕೆಲಸ ಕೆಡದೆ, ಆಮೇಲೆ ಭಾರಿ ಬೇಜಾರಿಗೆ ಬೀಳುವುದು ಎರಡನೆಯ ಬಗೆ. ವಾರಕ್ಕೂ ಮೀರಿ ಏರಿ, ತನಗೇ ಅಪಾಯವಾಗುವಷ್ಟು ಹಿಡಿತ ತಪ್ಪಿದರೆ ಮೊದಲನೆಯದು. "ನೀವು ಸೀಸನ್ ಅಂದಿದ್ರಲ್ಲಿ ಎಷ್ಟು ಸೀಸನ್ನೋ, ಎಷ್ಟು ಕಾಯಿಲೆಯೋ, ಒಂದೊಂದಾಗಿ ನೋಡ್ಬೇಕಮ್ಮ. ಆದರೆ ಆಷಾಢದ್ದು ಮೊದಲನೇ ಬಗೆಯದೇ. ಔಷಧಿ ಇದೆ, ತುಂಬಾ ವರ್ಷ ತಗೋಬೇಕಾಗುತ್ತೆ. ಇವತ್ತು ಅಡ್ಮಿಟ್ ಮಾಡಿ."

ಆಗ ಶಶಿ ತಲೆಯೆತ್ತಿದಳು.

"ಅಮ್ಮ, ಅದೂ ಕಾಯ್ಲೆನಾ?"

ನಾನು ಅವಳ ತಲೆ ಸವರಲು ಹೋದೆ. ಕೈ ತಳ್ಳಿದಳು.

"ನಂಗೆ ಬುದ್ಧಿ ಬಂದಾಗಿಂದ ಆ ಒಂಬತ್ ದಿನ ಒಂದೇ ಚೆನ್ನಾಗಿದ್ದಿದ್ದು ಕಣಮ್ಮ. ಅದನ್ನೂ ಬರೆಸ್ಬಿಟ್ಯಾ?"

ಫಖ್ರುನ್ನೀಸಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ಶಶಿಯ ಕೈ ಹಿಡಿದು ಏನೋ ಹೇಳಿದರು. ನನ್ನ ಕಿವಿಗೆ ಬೀಳಲಿಲ್ಲ.

ವಾರ್ಡಿಗೆ ಸೇರಿ ಇವತ್ತಿಗೆ ಹನ್ನೊಂದು ದಿನ. ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದಿಲ್ಲ, ಫಖ್ರುನ್ನೀಸಾ ಕೊಟ್ಟರೆ ನುಂಗುತ್ತಾಳೆ. ನಿನ್ನೆ ಅರ್ಧ ಇಡ್ಲಿ ತಿಂದಳಂತೆ. ಗುಣ ಕಾಣಲು ಇನ್ನೂ ವಾರಗಳು ಬೇಕಂತೆ, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬಾರದಂತೆ.

ಡಾಕ್ಟರಮ್ಮ ದಿನಾ ನನ್ನನ್ನು ಕೂರಿಸಿಕೊಂಡು, ಇನ್ನೇನು ನೆನಪಿದೆ ಎಂದು ಕೇಳುತ್ತಾರೆ. ನನಗೆ ಎಲ್ಲ ನೆನಪಿದೆ. ಅವಳು ಯಾವ ವರ್ಷ ಯಾವ ಹಬ್ಬಕ್ಕೆ ಜೋರಾಗಿ ನಕ್ಕಳು, ಎಷ್ಟು ದಿನ ನಕ್ಕಳು ಎಂಬುದೂ. ಹೇಳಿದ್ದನ್ನು ಅವರು ಬರೆದುಕೊಳ್ಳುತ್ತಾರೆ. ನನ್ನ ಮಗಳ ಒಂದೊಂದೇ ನಗು ಕಾಯಿಲೆಯ ಕಾಗದಕ್ಕೆ ಹೋಗುತ್ತಿದೆ. ಅವಳು ಬದುಕಲಿ ಎಂದು ನಾನು ಹೇಳುತ್ತಲೇ ಇದ್ದೇನೆ.