ಗೌರತ್ತೆ ಕರಗಿಸಿದ ಉಪ್ಪು

ಗಾಜಿನ ಪಾತ್ರೆಯ ತಳಕ್ಕೆ ಹರಳುಪ್ಪು ಟಿಣ್ಣೆಂದು ಬೀಳುವ ಸದ್ದನ್ನು ಒಂಬತ್ತನೆಯ ತರಗತಿಗೆ ಪಾಠ ಮಾಡುವಾಗ ವರ್ಷಕ್ಕೊಮ್ಮೆ ಕೇಳುತ್ತೇನೆ. ಆಗೆಲ್ಲ ಜತ್ತ ತಾಲೂಕಿನ ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆ ಕಣ್ಣಮುಂದೆ ಬರುತ್ತದೆ. ಆ ಮನೆ ಈಗಿಲ್ಲ. ಸೋಮವಾರಕ್ಕೊಮ್ಮೆ ದೇವರ ಜಗಲಿಯ ಮುಂದೆ ಕೂತು ತಾಮ್ರದ ತಂಬಿಗೆಯ ನೀರಿಗೆ ಉಪ್ಪು ಹಾಕುತ್ತಿದ್ದ ಗೌರತ್ತೆಯೂ ಇಲ್ಲ. ಅವಳು ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಬಹುದು. ನರಹುಲಿ ಉದುರಲೆಂದು ದೇವರ ಹೆಸರಲ್ಲಿ ಉಪ್ಪು ಕರಗಿಸುವುದು ನಮ್ಮಲ್ಲಿ ಉಂಟು. ಗೌರತ್ತೆಗಿದ್ದದ್ದು ನರಹುಲಿಯಲ್ಲ, ಎದೆಯಲ್ಲೊಂದು ಗಂಟು. ಅದನ್ನು ನನಗೊಬ್ಬಳಿಗೇ ಮುಟ್ಟಿಸಿ ತೋರಿಸಿದ್ದಳು. “ನಿಮ್ಮಪ್ಪಗ ಹೇಳಿದ್ರ ಮಿರಜಿ ದವಾಖಾನಿಗಿ ಒಯ್ದು ಕೊಯ್ಸತಾನ. ಉಪ್ಪು ಕರಗಿದಂಗ ಇದೂ ಕರಗತೈತಿ, ಸುಮ್ಮನಿರು,” ಎಂದು ಆಣೆ ಹಾಕಿಸಿಕೊಂಡಳು.

ಆ ವರ್ಷವೇ ಶಾಲೆಯಲ್ಲಿ ನನಗೆ ಉಪ್ಪಿನ ಪಾಠವಾಯಿತು. ಹರಳಿನಲ್ಲಿ ಸೋಡಿಯಂ, ಕ್ಲೋರೈಡ್ ಅಯಾನುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರಿನ ಅಣುವಿಗೆ ಒಂದು ಕಡೆ ತುಸು ಧನ, ಇನ್ನೊಂದು ಕಡೆ ತುಸು ಋಣ ವಿದ್ಯುದಂಶ. ಈ ಅಣುಗಳು ಗುಂಪುಗುಂಪಾಗಿ ಬಂದು ಅಯಾನುಗಳನ್ನು ಬಿಡಿಸಿ, ಸುತ್ತುವರಿದು ಒಯ್ಯುತ್ತವೆ. ಉಪ್ಪು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ. ಒಂದು ಕಣವೂ ಕಡಿಮೆಯಾಗುವುದಿಲ್ಲ. ನನಗೆ ಅಂಜಿಕೆಯಾಯಿತು. ಸೋಮವಾರ ಅತ್ತೆಯ ತಂಬಿಗೆಯ ನೀರನ್ನು ತಾಟಿಗೆ ಸುರಿದು ಮಾಳಿಗೆಯ ಬಿಸಿಲಿಗಿಟ್ಟೆ. ನೀರು ಆರಿದ ಮೇಲೆ ತಳದಲ್ಲಿ ಉಳಿದ ಬಿಳಿಯ ಉಪ್ಪನ್ನು ಅವಳಿಗೆ ತೋರಿಸಿದೆ. “ಎಲ್ಲೂ ಹೋಗಿಲ್ಲ ಅತ್ತಿ, ಎಲ್ಲಾ ಇಲ್ಲೇ ಐತಿ. ದವಾಖಾನಿಗಿ ಹೋಗೂಣು,” ಅಂದೆ.

ಅತ್ತೆ ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿದಳು. ಮುಂದಿನ ಸೋಮವಾರ ತಂಬಿಗೆ ಹಿಡಿಯದೆ ನನ್ನನ್ನು ಹೊಲದ ಬಾವಿಗೆ ಕರೆದೊಯ್ದು, ಸೆರಗಿನಲ್ಲಿದ್ದ ಉಪ್ಪನ್ನೆಲ್ಲ ಅದರೊಳಗೆ ಸುರಿದಳು. “ಈಗ ಒಣಗಸು ನೋಡೂಣು,” ಎಂದು ನಕ್ಕಳು. ಪಾಠದ ಪ್ರಕಾರ ಬಾವಿಯಲ್ಲೂ ಉಪ್ಪು ಇದ್ದೇ ಇತ್ತು. ಆದರೂ ಅವಳ ಜಾಣತನಕ್ಕೆ ನಾನೂ ನಕ್ಕೆ, ಆಮೇಲೆ ಬಾಯಿ ಬಿಡಲಿಲ್ಲ. ಅದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಗಂಟು ಹುಣ್ಣಾಗಿ ಒಡೆದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು. ಮಿರಜಿಯ ಡಾಕ್ಟರು ತಡವಾಯಿತು ಎಂದರು. ಅತ್ತೆಯನ್ನು ಮಣ್ಣು ಮಾಡಿ ಬಂದ ದಿನ ಅಪ್ಪ ಕಟ್ಟೆಯ ಮೇಲೆ ಕುಳಿತು, “ನಿನಗರೇ ಗೊತ್ತಿತ್ತೇನವ್ವ?” ಎಂದು ಕೇಳಿದ. ಇಲ್ಲ ಅಂದೆ. ಅಪ್ಪನೂ ತೀರಿಕೊಂಡು ವರ್ಷಗಳಾದವು. ನನ್ನ ಮಾತು ನಂಬಿಕೊಂಡೇ ಹೋದ.